ಗಾಳಿಯಲ್ಲಿದ್ದ ಮನೆ

ಹಸಿರು ದೀಪ ಮಿಣುಕುತ್ತಿದೆ, ಒಮ್ಮೆ ನಿಧಾನವಾಗಿ, ಒಮ್ಮೆ ಅವಸರದಲ್ಲಿ, ಯಾರಿಗೋ ಏನನ್ನೋ ಹೇಳಿ ಮುಗಿಸಬೇಕು ಅನ್ನುವ ಹಾಗೆ — ಅದನ್ನು ಯಾರೂ ಆರಿಸಿಯೇ ಇಲ್ಲ, ಇಷ್ಟು ದಿನ ಮನೆ ತುಂಬ ಜನ, ಚಾಪೆಯ ಪಕ್ಕ ಚಾಪೆ, ಅಳು, ಕಾಫಿ, ಮತ್ತೆ ಅಳು, ಗೋಡೆಯ ಗೂಡಿನಲ್ಲಿ ಈ ಡಬ್ಬ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇತ್ತು. ಇವತ್ತು ಯಾರೂ ಇಲ್ಲ. ಶಿವಗಣಾರಾಧನೆ ಮುಗಿಸಿ ಕೊನೆಯ ನೆಂಟರೂ ನಿನ್ನೆ ಬಸ್ಸು ಹತ್ತಿದರು, ಶಾಮಿಯಾನದವರು ಕಂಬ ಕಿತ್ತುಕೊಂಡು ಹೋದರು, ಅಂಗಳದಲ್ಲಿ ಕಂಬದ ಗುಳಿಗಳು ಉಳಿದಿವೆ. ಹಾಲು ಬಂತು. ಅತ್ತೆ ಪಾತ್ರೆ ಹಿಡಿದು ಬಾಗಿಲಿಗೆ ಹೋಗುತ್ತಾರೆ, ಹಾಲಿನ ಮಾದಮ್ಮ ಅಳತೆಯ ಲೋಟ ಎತ್ತಿಕೊಂಡು ಹಾಗೇ ನಿಂತುಬಿಡುತ್ತಾಳೆ, ಎಷ್ಟ್ ಉಯ್ಲಿ ಚನ್ನಬಸಮ್ಮಾರೇ, ದಿನಾ ಉಯ್ಯೋವಷ್ಟೇ ಉಯ್ಯಿ ಮಾದಮ್ಮ, ನಾವೇನು ಕಾಪಿ ಕುಡಿಯಾದ್ ಬುಟ್ಬುಟ್ವಾ — ಹಾಲು ಬೀಳುವ ಸದ್ದು, ಅವನ ಪಾಲೂ ಸೇರಿ ಬೀಳುವ ಸದ್ದು. ಜಗಲಿಯಲ್ಲಿ ಮಾವ ಪೇಪರು ಹಿಡಿದು ಕೂತಿದ್ದಾರೆ, ಪುಟ ಮಗುಚುವುದು ಕೇಳಿಸುವುದಿಲ್ಲ. ಇದು ಮಾಮೂಲಿ ಬೆಳಿಗ್ಗೆ. ಮಾಮೂಲಿ ಬೆಳಿಗ್ಗೆಯಲ್ಲಿ ನಾನು ಏನು ಮಾಡುತ್ತಿದ್ದೆ, ನೆನಪಾಗುವುದಿಲ್ಲ, ಕೈ ತಾನಾಗಿ ಲ್ಯಾಪ್‌ಟಾಪ್ ತೆರೆಯುತ್ತದೆ, ಮೂಲೆಯ ಚಿಕ್ಕ ವೈಫೈ ಗುರುತನ್ನು ಒತ್ತುತ್ತದೆ, ಪಟ್ಟಿಯೊಂದು ಮೇಲೇಳುತ್ತದೆ, ಪಟ್ಟಿ ಅಂದರೆ ಒಂದೇ ಹೆಸರು, ಈ ಬೀದಿಯಲ್ಲಿ, ಬಹುಶಃ ನಂಜನಗೂಡಿನ ಈ ಅರ್ಧದಲ್ಲಿ, ಇನ್ನು ಯಾರ ಮನೆಯಲ್ಲೂ ಇಂಥದು ಇಲ್ಲ — ಮದನ್‌ಮನೆ, ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಐದು ಹಸಿರು ಗೆರೆ, ಐದೂ ತುಂಬಿವೆ. ತಗಡೂರಿನ ಹೊಲದ ಬದುವಿನಲ್ಲಿ ನನ್ನ ಗಂಡ ಮದನನನ್ನು ಕೂರಿಸಿ ಮಣ್ಣು ಎಳೆದು ಬಂದಿದ್ದೇವೆ. ಇಲ್ಲಿ ಐದು ಗೆರೆ.

ಫೋನು ಹೊಡೆದುಕೊಳ್ಳುತ್ತಿದೆ, ಯಾರೂ ಎತ್ತುವುದಿಲ್ಲ, ನಾನೇ ಎತ್ತುತ್ತೇನೆ. ಅತ್ಗೆ, ನಾನು, ಕಾಂತ, ನರಸೀಪುರದಿಂದ. ಕಾಂತರಾಜು, ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಬ್ರೌಸಿಂಗ್ ಸೆಂಟರ್ ಇಟ್ಟವನು, ಮದನನ ಕಾಲೇಜಿನ ಜೊತೆಗಾರ, ಮಣ್ಣಿನ ದಿನ ಗುಂಡಿಗೆ ಇಳಿದು ಅವನನ್ನು ಆತುಕೊಂಡು ಕೂರಿಸಿದವನು, ಮೇಲೆ ಬಂದು ಯಾರ ಹತ್ತಿರವೂ ಮಾತಾಡದೆ ಹೊರಟುಹೋದವನು. ಈಗ ಮಾತು ಹುಡುಕುತ್ತಿದ್ದಾನೆ. ಊಟ ಆಯ್ತಾ ಅತ್ಗೆ. ಇನ್ನೂ ಬೆಳಿಗ್ಗೆ, ಕಾಂತ. ಊ, ಅದೇ, ತಿಂಡಿ, ತಿಂಡಿ ಆಯ್ತಾ. ಆಯಿತು ಅನ್ನುತ್ತೇನೆ, ಆಗಿಲ್ಲ, ಆ ಕಡೆ ಬಸ್ಸಿನ ಹಾರನ್ನು, ಯಾರೋ ಯಾರನ್ನೋ ಲೇ ಅನ್ನುವುದು, ಅವನ ಉಸಿರು. ಬೇಜಾರ್ ಮಾಡ್ಕಬೇಡಿ, ಕೇಳಕ್ಕೆ ಬಾಯಿ ಬತ್ತಿಲ್ಲ, ಆ ಡಬ್ಬ ಬೇಕಾಗಿತ್ತು ಅತ್ಗೆ, ಮೊನ್ನೆ ಸಿಡ್ಲು ಬಡ್ದು ನಂದು ಸುಟ್ಟೋಯ್ತು, ನಾಳೆ ಎಸ್ಸೆಸ್ಸೆಲ್ಸಿ ರಿಸಲ್ಟು, ಮೂಗೂರಿಂದೆಲ್ಲಾ ಐಕ್ಳು ಬತ್ತವೆ, ಮೈಸೂರ್ಗೋಗಿ ಬೇರೆ ತರಾನ ಅಂದ್ರೆ ಭಾನ್ವಾರ, ಅಂಗ್ಡಿ ಬಾಗ್ಲಾಕಿರ್ತರೆ. ಡಬ್ಬ ಅಂದರೆ ಇದೇ, ಈ ರೂಟರ್, ಅವನದೇ, ಅವನು ಹೊಸದು ಕೊಂಡಾಗ ಹಳೆಯದನ್ನು ಮದನ್ ಕೇಳಿ ತಂದಿದ್ದ, ಒಂದು ವಾರ ಇಟ್ಕತೀನಿ ಕಣೋ ಅಂದು ತಂದವನು ದಸರಾ ಕಳೆದರೂ, ಸಂಕ್ರಾಂತಿ ಕಳೆದರೂ ಕೊಟ್ಟಿರಲಿಲ್ಲ. ನಾನೇ ತರುತ್ತೇನೆ ಅನ್ನುತ್ತೇನೆ. ಅವನು ಮನೆಗೆ ಬಂದರೆ ಅತ್ತೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ, ಆಗುವುದಿಲ್ಲ ನನಗೆ. ನೀವ್ಯಾಕೆ ಅತ್ಗೆ — ಬರುತ್ತೇನೆ ಕಾಂತ. ಅತ್ಗೆ, ಪಾಸ್‌ವರ್ಡ್ ಗೊತ್ತಾ, ನೆಟ್ ಸಿಗಾದಲ್ಲ, ಅದು ಬೇರೆ, ಒಳೀಕೋಗಿ ಸೆಟಿಂಗ್ ಮಾಡಾದು, ಅದ ಅವ್ನು ಬದ್ಲಾಯ್ಸವ್ನೆ, ಗೊತ್ತಿದ್ರೆ ನಮ್ ಲೈನಿನ ಸೆಟಿಂಗ್ ಒಂದು ಆಕತೀನಿ, ಮಿಕ್ಕಿದ್ದು ಅವ್ನು ಮಾಡಿರಂಗೇ ಇರ್ಲಿ. ಗೊತ್ತಿಲ್ಲದಿದ್ದರೆ, ಕೇಳುತ್ತೇನೆ. ಇಲ್ದಿದ್ರೆ ಬುಡ್ದಲ್ಲಿ ಒಂದು ಸಣ್ ತೂತದೆ, ಪಿನ್ನಲ್ಲಿ ಒತ್ತಿ ಇಡ್ಕಂಡ್ರೆ ಎಲ್ಲಾ ಅಳಿಸ್ಕಂಡು ಹೊಸದ್ರಂಗೆ ಆಯ್ತದೆ. ಎಲ್ಲಾ ಅಂದರೆ. ಎಲ್ಲಾ ಅತ್ಗೆ, ಹೆಸ್ರು ಗಿಸ್ರು ಎಲ್ಲಾ.

ಹೆಸರು ಗಿಸರು. ಪಾಸ್‌ವರ್ಡ್ ಸಿಕ್ಕರೆ ಹೆಸರು ಉಳಿಯುತ್ತದೆ, ಪಿನ್ನು ಚುಚ್ಚಿದರೆ ಹೋಗುತ್ತದೆ, ಇಷ್ಟೇ, ಇದಕ್ಕಿಂತ ಸರಳವಾಗಿ ಈ ದಿನಗಳಲ್ಲಿ ನನಗೆ ಯಾರೂ ಏನನ್ನೂ ಹೇಳಿರಲಿಲ್ಲ. ಅವನು ಆ ಹೆಸರಿಟ್ಟ ಸಂಜೆ ಇದೇ ನೆಲದ ಮೇಲೆ ಕೂತಿದ್ದ, ಬನಿಯನ್ನಿನಲ್ಲಿ, ಸುತ್ತ ವೈರು, ಅಪ್ಪಾಜಿ ಬಾ ಇಲ್ಲಿ, ನೋಡು, ನಮ್ಮಟ್ಟಿ ಗಾಳೀಲದೆ. ಮಾವ ಕನ್ನಡಕ ಏರಿಸಿಕೊಂಡು ಬಗ್ಗಿ ಒಂದೊಂದೇ ಅಕ್ಷರ ಓದಿದರು, ಅಟ್ಟಿ ಕಟ್ಸಿದೋನು ಈ ಗಂಗಾಧರಸ್ವಾಮಿ, ಕಂದಾಯ ಕಟ್ಟೋನು ಗಂಗಾಧರಸ್ವಾಮಿ, ಬೋರ್ಡು ಮಾತ್ರ ನಿಂದಾ. ನೆಲದ್ ಮೇಲಿರಾದು ನಿಂದು, ಗಾಳೀಲಿರಾದು ನಂದು, ಭಾಗ ಆಗೋಯ್ತು ಬುಡು. ಒಳಗಿನಿಂದ ಅತ್ತೆ, ಹೊತ್ತು ಮುಳುಗೋ ಹೊತ್ನಲ್ಲಿ ಭಾಗ ಗೀಗ ಅನ್ಬೇಡ ಕಣ್ಲಾ. ನನ್ನ ಹೆಸರೇ ಇಲ್ಲವಲ್ಲ, ಅಂದೆ ನಾನು, ಒಲೆಯ ಮುಂದಿನಿಂದಲೇ. ನಿನ್ನೆಸ್ರು ಒಳಗದೆ ಕಣೇ ನಂದಿತಾ. ಒಳಗೆ ಅಂದರೆ ಎಲ್ಲಿ, ಕೇಳಲಿಲ್ಲ, ಒಗ್ಗರಣೆ ಸೀಯುತ್ತಿತ್ತು, ಕೇಳಲು ಇನ್ನೂ ಎಷ್ಟೊಂದು ಸಂಜೆಗಳಿದ್ದವು. ಇನ್ನೊಂದು ಮಾತೂ ಹೇಳಿದ್ದ, ವೈರು ಸುತ್ತಿಡುತ್ತ, ನನ್ನ ಕಡೆ ನೋಡದೆ, ಮರ್ತೋದ್ರೆ ಬುಡ ನೋಡು, ಬರ್ದು ಅಂಟ್ಸಿವ್ನಿ.

ಬುಡ ನೋಡುತ್ತೇನೆ. ಗೂಡಿನಿಂದ ಇಳಿಸಿ, ವೈರು ಕೀಳದೆ, ಮಗುವನ್ನು ಬೋರಲು ಮಲಗಿಸುವ ಹಾಗೆ ಮಗುಚುತ್ತೇನೆ, ಬಿಸಿಯಿದೆ, ಮೈ ಬಿಸಿಯ ಹಾಗೆ ಬಿಸಿಯಿದೆ — ಬುಡದಲ್ಲಿ ಮೂರು ಗೆರೆ. ವಿಭೂತಿ, ಒಣಗಿ ಬಿರಿದ, ಮೂರು ಬೆರಳಿನಲ್ಲಿ ಒಂದೇ ಸಲ ಎಳೆದ ಅಡ್ಡ ಗೆರೆ. ಅದರ ಕೆಳಗೆ ಅಂಟುಪಟ್ಟಿಯ ಬಿಳಿ ತುದಿ. ಆಯುಧಪೂಜೆ. ಅವನ ಬೈಕು, ಹೊಲಿಗೆ ಮಿಷನ್ನು, ಈಳಿಗೆಮಣೆ, ಮಿಕ್ಸಿ, ನನ್ನ ಎಂ.ಎಸ್‌ಸಿ ದಿನಗಳ ಕ್ಯಾಲ್ಕ್ಯುಲೇಟರು, ಎಲ್ಲಕ್ಕೂ ಅತ್ತೆ ನೀರು ಮುಟ್ಟಿಸಿದ ವಿಭೂತಿ ಹಚ್ಚುತ್ತ ಬಂದರು, ಹಣೆ ಅಂದುಕೊಂಡು ಹಚ್ಚುತ್ತಾರೆ ಅವರು ಯಾವುದಕ್ಕೇ ಆಗಲಿ, ಗೂಡಿನ ಹತ್ತಿರ ಬಂದಾಗ ಅವನೇ ಹಾರಿ ಬಂದ, ಅವ್ವಾ ಅವ್ವಾ, ಮೇಲ್ಗಡೆ ಬ್ಯಾಡ, ನೀರು ಒಳೀಕೋಯ್ತದೆ, ದೀಪ ಕೆಟ್ಟೋಯ್ತವೆ. ಮತ್ತೆ ಎಲ್ಲಿಗಚ್ಲಿ, ಇದ್ಕೆ ಹಣೆ ಎಲ್ಲದ್ಲಾ. ಬುಡಕ್ಕಚ್ಚು, ಇದ್ಕೆ ಬುಡದಲ್ಲೇ ಹಣೆ. ತಾನೇ ಮಗುಚಿ ಹಿಡಿದ, ಅವರು ಎಳೆದರು, ನಾನು ಕರ್ಪೂರದ ತಟ್ಟೆ ಹಿಡಿದು ನಿಂತಿದ್ದೆ, ಮೂವರೂ ನೋಡುತ್ತಿದ್ದೆವು, ಬರೆದವನು ಮರೆತಿದ್ದ, ಹಚ್ಚಿದವರಿಗೆ ಗೊತ್ತಿಲ್ಲ, ನಾನು ತಟ್ಟೆಯ ಉರಿ ಆರದ ಹಾಗೆ ನೋಡಿಕೊಳ್ಳುತ್ತಿದ್ದೆ.

ಉಗುರಿನಿಂದ ಕೆರೆಯುತ್ತೇನೆ. ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾನೆ, ನೀಲಿ, ನೀರು ತಾಗಿದ ಕೂಡಲೇ ಅದು ವಿಭೂತಿಯ ಒಳಗೆ ಹೋಗಿಬಿಟ್ಟಿದೆ, ಬೂದಿ ಎದ್ದರೆ ಅಕ್ಷರವೂ ಅದರ ಜೊತೆಗೆ ಏಳುತ್ತದೆ, ಉಗುರಿನ ಸಂದಿಯಲ್ಲಿ ನೀಲಿ ಬೂದಿ. ಏನವ್ವಾ ಕೆರೀತಿದ್ದಿ. ಅತ್ತೆ ಕಾಫಿ ಹಿಡಿದು ನಿಂತಿದ್ದಾರೆ. ಕೊಳೆ ಅತ್ತೆ. ಬಗ್ಗಿ ನೋಡುತ್ತಾರೆ, ಕೊಳೆ ಅಲ್ಲ ಕನವ್ವ, ಈಬೂತಿ, ನಾನೇ ಅಚ್ಚಿದ್ದು, ಅವ್ನೇ ಅಂದ ಬುಡಕ್ಕಚ್ಚು ಅಂತ, ನಗಾಡ್ತಾ ಅಂದ — ಬುಡು, ಕೆರೀಬೇಡ. ಹೇಳಬಹುದು ನಾನು, ಅತ್ತೆ, ಇದರ ಕೆಳಗೆ ಅವನ ಬರವಣಿಗೆ ಇತ್ತು ಅಂತ, ಹೇಳಿದರೆ ಅವರು ಇದನ್ನೂ ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ, ಆವತ್ತು ಕಾಫಿ ಕುಡಿದು ಹೋಗು ಅಂತ ಕೂರಿಸಿದ್ದರೆ ಎಂದು ಹೊತ್ತಿರುವುದರ ಮೇಲೆ ಇನ್ನೊಂದು. ಹೇಳುವುದಿಲ್ಲ. ಕೊಳೆ ಅಂದುಕೊಂಡೆ ಅತ್ತೆ, ಅನ್ನುತ್ತೇನೆ. ಅವರು ಕಾಫಿಯನ್ನು ಡಬ್ಬದ ಪಕ್ಕ ಇಟ್ಟು ಹೋಗುತ್ತಾರೆ. ಪಟ್ಟಿಯ ಕೊನೆಯಲ್ಲಿ, ಬೂದಿ ಮುಟ್ಟದ ಜಾಗದಲ್ಲಿ, ಒಂದು ಅಕ್ಷರ ಉಳಿದಿದೆ, ಇಂಗ್ಲಿಷಿನ ಎ, ಅವನು ಬರೆಯುವ ಹಾಗೆ, ಹೊಟ್ಟೆ ದೊಡ್ಡದು, ಬಾಲ ಗಿಡ್ಡ.

ತಗಡೂರಿನಲ್ಲಿ ಹೀಗೇ ಬೂದಿ. ಗುಂಡಿಯೊಳಗೆ ಗೂಡು, ಗೂಡಿನೊಳಗೆ ಅವನು ಪದ್ಮಾಸನದಲ್ಲಿ, ಹಣೆ ತುಂಬ ವಿಭೂತಿ, ಹೊಲಿಗೆ ಕಾಣದ ಹಾಗೆ ದಪ್ಪಗೆ ಬಳಿದ ವಿಭೂತಿ, ಅವನ ಬೈಕು ಗುದ್ದಿದ್ದು ನಿಂತ ಮರಳು ಲಾರಿಗೆ, ಹಿಂದೆ ದೀಪವಿಲ್ಲದ ಲಾರಿ, ಮಬ್ಬುಗತ್ತಲು. ಕೊರಳಿನ ಲಿಂಗವನ್ನು ಬಿಚ್ಚಿ ಶಿವಸ್ವಾಮಿ ಅಯ್ಯನವರು ಅವನ ಎಡಗೈಯಲ್ಲಿ ಇಟ್ಟರು, ಬೆರಳು ಮಡಚಿದರು. ಬಿಚ್ಚಿಕೊಂಡವು. ಮತ್ತೆ ಮಡಚಿದರು, ಕಿರುಬೆರಳಿನಿಂದ ಶುರು ಮಾಡಿ ಒಂದೊಂದಾಗಿ, ಹಿಡ್ಕಳಪ್ಪ, ನಿಂದೇ ಇದು, ಹಿಡ್ಕ, ಹುಷಾರಿಲ್ಲದ ಮಗುವಿಗೆ ಹೇಳುವ ಹಾಗೆ, ಕೈ ಬಿಟ್ಟ ಕೂಡಲೇ ಬೆರಳು ಮತ್ತೆ ಬಿಚ್ಚಿಕೊಂಡವು. ಎಲ್ಲರೂ ನೋಡುತ್ತಿದ್ದರು. ಯಾರೋ ಮಳೆ ಬತ್ತದೆ ಅಯ್ನೋರೆ ಅಂದರು.

ಟೈಪ್ ಮಾಡುತ್ತೇನೆ. ಒಳಗೆ ಹೋಗುವ ಪುಟ ಗೊತ್ತು, ಒಂದು ಒಂಬತ್ತು ಎರಡರಿಂದ ಶುರುವಾಗುವ ವಿಳಾಸ, ಬೀದಿಯಿಲ್ಲದ ಊರಿಲ್ಲದ ವಿಳಾಸ, ಬೂದು ಬಣ್ಣದ ಚೌಕ ಬರುತ್ತದೆ, ಹೆಸರು, ಗುಪ್ತಪದ. ಕೈಯಲ್ಲಿ ಬಳೆಯಿಲ್ಲ, ಕೀಲಿಗಳ ಸದ್ದು ಮಾತ್ರ ಬರುತ್ತಿದೆ, ಮೊದಲೆಲ್ಲ ನಾನು ಟೈಪ್ ಮಾಡಿದರೆ ಗಾಜಿನ ಸದ್ದೂ ಸೇರುತ್ತಿತ್ತು, ಅದೇನೇ ಸಾರಿಗೆ ಒಗ್ಗರಣೆ ಹಾಕಿದಂಗೆ ಟೈಪ್ ಮಾಡ್ತೀಯಾ ಅನ್ನುತ್ತಿದ್ದ. ನಾನು ಸಂಖ್ಯಾಶಾಸ್ತ್ರ ಓದಿದವಳು, ಮಾನಸಗಂಗೋತ್ರಿಯ ಮರಗಳ ಕೆಳಗೆ ಕೂತು ಸಂಭವನೀಯತೆಯ ಲೆಕ್ಕ ಬಿಡಿಸಿದವಳು, ಕೊನೆಯ ಅಕ್ಷರವೊಂದು ಗೊತ್ತಿದ್ದರೆ ಉಳಿದುದರ ಸಾಧ್ಯತೆ ಎಷ್ಟು ಎಂದು ನನಗೆ ಗೊತ್ತು, ಆ ಸಂಖ್ಯೆಯನ್ನು ಬರೆಯಲೂ ಬಹುದು, ಆದರೆ ಮನುಷ್ಯ ಹಾಗೆ ಯೋಚಿಸುವುದಿಲ್ಲ, ತನಗೆ ಮರೆಯದ್ದನ್ನು ಇಡುತ್ತಾನೆ. ಅವನಿಗೆ ಮರೆಯದ್ದು ಏನು. ಕಪಿಲ, ಮನೆಯ ಹಿಂದಿನ ನದಿ, ಎ ಇಂದ ಕೊನೆಯಾಗುತ್ತದೆ. ತಪ್ಪು. ಚನ್ನಬಸಮ್ಮ. ತಪ್ಪು. ಹೀರೋಹೋಂಡ, ಅದನ್ನು ಒತ್ತುವಾಗ ಬೆರಳು ನಿಂತುಹೋಯಿತು, ಆದರೂ ಒತ್ತಿದೆ, ತಪ್ಪು. ನನ್ನ ಹೆಸರೂ ಎ ಇಂದಲೇ ಮುಗಿಯುತ್ತದೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಅಲ್ಲ ಅಂದುಬಿಟ್ಟರೆ ಅಂತ, ಹೌದು ಅಂದುಬಿಟ್ಟರೆ ಅಂತ. ಕಾಫಿಯ ಮೇಲೆ ಕೆನೆ ಕಟ್ಟಿದೆ. ನಿನ್ನೆಸ್ರು ಒಳಗದೆ ಕಣೇ. ಒತ್ತುತ್ತೇನೆ. ಚುಕ್ಕೆ, ಚುಕ್ಕೆ, ಚುಕ್ಕೆ, ನನ್ನ ಹೆಸರು ಚುಕ್ಕೆಗಳಾಗಿ ಸಾಲು ನಿಲ್ಲುತ್ತದೆ. ತಪ್ಪು. ಹೆಸರಿನ ಮುಂದೆ ಅವನ ಹೆಸರು ಸೇರಿಸುತ್ತೇನೆ. ತಪ್ಪು. ಆಮೇಲೆ ಚೌಕವೇ ಹೋಗಿ ಇನ್ನೊಂದು ಮಾತು ಬರುತ್ತದೆ, ತುಂಬಾ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಕಾಯಿರಿ. ಕಾಯುತ್ತೇನೆ. ಮತ್ತೆ ಚೌಕ, ಮತ್ತೆ ತಪ್ಪು, ಮತ್ತೆ ಕಾಯಿರಿ. ಬೇರೆ ಯಾವುದೋ ಹೆಸರಿರಬಹುದು, ನನಗೆ ಗೊತ್ತಿಲ್ಲದ್ದು, ನನ್ನದೇ ಇರಬಹುದು, ಹಿಂದೆ ಮುಂದೆ ಏನೋ ಸೇರಿ, ಎರಡೂ ಒಂದೇ ಆಗಿಬಿಟ್ಟಿವೆ, ಬೂದಿ ಎರಡನ್ನೂ ಒಂದು ಮಾಡಿದೆ. ಬಿಸಿಲು ಗೂಡಿನವರೆಗೆ ಬಂತು. ವೈರು ಕಿತ್ತೆ. ಹಸಿರು ದೀಪ ಆರಿತು, ಪಟ್ಟಿ ಖಾಲಿ, ಅತ್ತೆ ಅಡುಗೆ ಮನೆಯಿಂದ, ಕರೆಂಟ್ ಓಯ್ತಾ ನಂದಿತಾ.

ಇಲ್ಲ ಅತ್ತೆ, ಕಾಂತನ ಡಬ್ಬ, ಕೊಟ್ಟು ಬರಬೇಕು. ಅಳುತ್ತಾರೆ ಅಂದುಕೊಂಡಿದ್ದೆ, ಅಳಲಿಲ್ಲ, ಕೈ ಒರೆಸಿಕೊಂಡು ಬಂದರು, ಕೊಡು ಕೊಡು, ಜೀವ ಬುಟ್ಟೋರು ತಂದ ಎರವಲು ಅಟ್ಟೀಲಿ ಇಟ್ಕಬಾರ್ದು, ಅವ್ನಿಗೆ ಕಾಲು ಎಳೀತದೆ. ಬರಿದಾಗಿ ಕೊಡಬಾರದು ಅಂತ ಚೀಲದೊಳಗೆ ಒಂದು ಹಿಡಿ ಅಕ್ಕಿ ಸುರಿದರು, ರೂಟರಿನ ಮೇಲೆಯೇ, ಪಾತ್ರೆ ವಾಪಸು ಕೊಡುವಾಗ ಮಾಡುವ ಹಾಗೆ, ಅಕ್ಕಿ ಅದರ ಗಾಳಿಕಿಂಡಿಯೊಳಗೆ ಸೇರುವುದನ್ನು ನೋಡಿದೆ, ತಡೆಯಲಿಲ್ಲ. ಜಗಲಿಯಲ್ಲಿ ಮಾವ ಪೇಪರು ಇಳಿಸಿದರು. ಎಲ್ಗವ್ವ. ನರಸೀಪುರಕ್ಕೆ, ರೂಟರ್ ಕೊಡಕ್ಕೆ. ಚೀಲ ನೋಡಿದರು. ಗಾಳೀ ಮನೇನಾ, ಅಂದರು, ಪೇಪರು ಮತ್ತೆ ಮೇಲೆ ಹೋಯಿತು, ತಲೆಕೆಳಗಾಗಿ ಹಿಡಿದಿದ್ದರು, ಹೇಳಲಿಲ್ಲ ನಾನು.

ಬಸ್ಸು. ಕಿಟಕಿಯ ಪಕ್ಕ. ತೊಡೆಯ ಮೇಲೆ ಚೀಲ, ತಣ್ಣಗಾಗಿದೆ ಈಗ. ಗದ್ದೆಗಳಲ್ಲಿ ನೀರಿಲ್ಲ, ನಾಲೆ ಒಣಗಿದೆ, ಕಂಡಕ್ಟರ್ ಚಿಲ್ಲರೆ ಇಲ್ಲ ಕಣವ್ವ ಆಮೇಲಿಸ್ಕಳಿ ಅನ್ನುತ್ತಾನೆ, ಮುಂದಿನ ಸೀಟಿನ ಹೆಂಗಸು ತಿರುಗಿ ನನ್ನ ಕೊರಳು ನೋಡಿ, ಕೈ ನೋಡಿ, ಮತ್ತೆ ಮುಂದೆ ತಿರುಗುತ್ತಾಳೆ. ಅವನು ಬಿದ್ದ ಆ ತಿರುವು ಬರುತ್ತದೆ ಅಂತ ಗೊತ್ತಿತ್ತು, ಕಣ್ಣು ಮುಚ್ಚಿಕೊಳ್ಳಬೇಕು ಅಂದುಕೊಂಡಿದ್ದೆ, ಮುಚ್ಚಲಿಲ್ಲ. ಏನೂ ಇಲ್ಲ ಅಲ್ಲಿ. ರಸ್ತೆಯ ಅಂಚಿಗೆ ಸ್ವಲ್ಪ ಮರಳು, ಲಾರಿಯಿಂದ ಚೆಲ್ಲಿದ್ದು, ಅದರ ಮೇಲೆ ಒಂದು ನಾಯಿ ತಂಪಿಗೆ ಮಲಗಿದೆ, ಬಸ್ಸಿಗೂ ಏಳುವುದಿಲ್ಲ. ಅವನು ಆವತ್ತು ಕಾಂತನನ್ನು ನೋಡಿಯೇ ವಾಪಸಾಗುತ್ತಿದ್ದ. ಏನು ಮಾತಾಡಿದರು ಅಂತ ಕೇಳಬೇಕು. ಕೇಳುವುದಿಲ್ಲ.

ಸೆಂಟರಿನ ಗಲ್ಲಾದಲ್ಲಿ ಕಾಂತನ ತಾಯಿ ಮಂಚಮ್ಮ ಕೂತಿದ್ದಾರೆ, ನನ್ನ ಕಂಡು ಎದ್ದು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂರುತ್ತಾರೆ, ಬಾ ಮಗಾ, ಬಿಸ್ಲಲ್ಲಿ ಬಂದ್ಯಲ್ಲ, ಅಯ್ಯೋ ಇದ್ಯಾಕೆ ಅಕ್ಕಿ, ನಮಗ್ಯಾಕವ್ವ ಅಕ್ಕಿ, ಅನ್ನುತ್ತಲೇ ಸೆರಗಿಗೆ ಸುರಿದುಕೊಳ್ಳುತ್ತಾರೆ, ಡಬ್ಬದೊಳಗೆ ಸೇರಿದ ಕಾಳನ್ನೂ ಕುಟ್ಟಿ ಉದುರಿಸುತ್ತಾರೆ. ಕಾಂತ ಗಡ್ಡ ಬಿಟ್ಟಿದ್ದಾನೆ. ಪಾಸ್‌ವರ್ಡ್ ಸಿಗಲಿಲ್ಲ ಅನ್ನುತ್ತೇನೆ. ಓಗ್ಲಿ ಬುಡಿ ಅತ್ಗೆ. ವೈರು ಚುಚ್ಚುತ್ತಾನೆ, ಹಸಿರು ದೀಪ ಹತ್ತುತ್ತದೆ, ಅವನ ಕಂಪ್ಯೂಟರಿನ ಮೂಲೆಯಲ್ಲಿ ಪಟ್ಟಿ ಮೇಲೇಳುತ್ತದೆ — ಮದನ್‌ಮನೆ, ಐದು ಗೆರೆ. ಇಲ್ಲಿಗೂ ಬಂದಿದ್ದಾನೆ. ನನ್ನ ಜೊತೆ ಬಸ್ಸಿನಲ್ಲಿ, ಅದೇ ತಿರುವು ದಾಟಿ, ಈ ಸಲ ದಾಟಿ. ಕಾಂತ ಪರದೆಯನ್ನು ನನ್ನಿಂದ ಆಚೆಗೆ ತಿರುಗಿಸುತ್ತಾನೆ, ತಡವಾಗಿ. ಏನ್ಲಾ ಅದು, ಮಂಚಮ್ಮ ಕೇಳುತ್ತಾರೆ, ಏನಿಲ್ಲ ಸುಮ್ಕಿರವ್ವ. ಪಿನ್ನು ತೆಗೆದುಕೊಂಡ, ಡಬ್ಬ ಮಗುಚಿದ, ಮೂರು ಗೆರೆ ನೋಡಿದ, ಪಿನ್ನನ್ನು ಮೇಜಿನ ಮೇಲಿಟ್ಟುಬಿಟ್ಟ. ನನ್ ಕೈಲಾಗಲ್ಲ ಅತ್ಗೆ, ನೀವು ತಗಂಡೋಗಿ, ನಾನು ಎಂಗೋ ಮಾಡ್ಕತೀನಿ. ಹೆಂಗೆ ಮಾಡ್ಕತೀಯ ಕಾಂತ. ಬಾಗಿಲ ಕಡೆ ನೋಡುತ್ತಾನೆ. ನಾಳೆ ಬರುವ ಮಕ್ಕಳು, ಬಾಗಿಲಿಗೆ ಆಗಲೇ ಅಂಟಿಸಿದ ಕಾಗದ, ಎಸ್ಸೆಸ್ಸೆಲ್ಸಿ ಫಲಿತಾಂಶ ಇಲ್ಲಿ ನೋಡಲಾಗುವುದು. ಹೆಗಲಿನ ಸೆರಗಿನಿಂದ ನನ್ನ ಪಿನ್ನನ್ನೇ ಬಿಚ್ಚಿಕೊಂಡೆ.

ತೂತು ಮುಚ್ಚಿದೆ. ವಿಭೂತಿ, ಅದರೊಳಗೂ, ಗಟ್ಟಿ ಕಟ್ಟಿದೆ, ಪಿನ್ನು ಇಳಿಯುವುದಿಲ್ಲ, ಅತ್ತೆ ಎಳೆದ ಕೊನೆಯ ಗೆರೆ ತೂತಿನ ಮೇಲೆಯೇ ಹಾದುಹೋಗಿದೆ, ಕೆದಕುತ್ತೇನೆ, ಬಿಳಿ ಪುಡಿ ಉದುರುತ್ತದೆ, ಮೇಜಿನ ಮೇಲೆ, ನನ್ನ ಸೀರೆಯ ಮೇಲೆ, ಕಾಂತ ತಲೆ ಬೇರೆ ಕಡೆ ಮಾಡಿದ್ದಾನೆ, ಕೆದಕುತ್ತೇನೆ, ಒಳಗೆ ಏನೋ ಮೆತ್ತಗೆ ತಾಗುತ್ತದೆ, ಒತ್ತುತ್ತೇನೆ. ಇಡ್ಕಂಡಿರಬೇಕು ಅತ್ಗೆ, ಬುಟ್ಬುಡಬಾರ್ದು, ದೀಪ ಎಲ್ಲಾ ಒಟ್ಗೇ ಆರೋಗಂಟ. ಹಿಡಿದಿದ್ದೇನೆ. ಹಿಡ್ಕಳಪ್ಪ, ನಿಂದೇ ಇದು. ಹೊರಗೆ ಬಸ್ಸೊಂದು ಮೈಸೂರು ಮೈಸೂರು ಅನ್ನುತ್ತದೆ. ದೀಪಗಳು ಎಲ್ಲವೂ ಒಮ್ಮೆ ಹತ್ತಿ ಎಲ್ಲವೂ ಒಮ್ಮೆಗೇ ಆರುತ್ತವೆ, ಆಚೆ ತಿರುಗಿಸಿದ ಪರದೆ ಗಾಜಿನ ಬಾಗಿಲಿನಲ್ಲಿ ಬಿಂಬವಾಗಿ ಕಾಣುತ್ತದೆ, ಐದು ಗೆರೆ, ನಾಲ್ಕು ಇಲ್ಲ ಮೂರು ಇಲ್ಲ, ಇದ್ದಕ್ಕಿದ್ದಂತೆ ಒಂದೂ ಇಲ್ಲ, ಹೆಸರಿದ್ದ ಕಡೆ ಬಿಳಿ, ಆಮೇಲೆ ಬೇರೆ ಯಾವುದೋ ಹೆಸರು, ಕಾರ್ಖಾನೆಯದು, ಯಾರದೂ ಅಲ್ಲದ್ದು. ಆಯ್ತು ಅತ್ಗೆ. ಸಾಕು ಬುಡಿ. ಅತ್ಗೆ, ಬುಡಿ, ಕೈ ತಗೀರಿ. ಮಂಚಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಾರೆ, ಬುಡು ಮಗಾ, ಬೆರಳು ಬುಡು. ಬಿಡಬೇಕು, ಗೊತ್ತು, ಬೆರಳು ಬಿಚ್ಚುತ್ತಿಲ್ಲ, ಅವರು ಒಂದೊಂದಾಗಿ ಬಿಡಿಸುತ್ತಿದ್ದಾರೆ, ನನ್ನವು ಮತ್ತೆ ಮಡಚಿಕೊಳ್ಳುತ್ತವೆ — ಅವನ ಎಡಗೈ, ಅಂಗೈಯಲ್ಲಿ ಲಿಂಗ, ಅಯ್ಯನವರು ಮಡಚುತ್ತಾರೆ, ಬಿಚ್ಚಿಕೊಳ್ಳುತ್ತವೆ, ಮಡಚುತ್ತಾರೆ, ಬಿಚ್ಚಿಕೊಳ್ಳುತ್ತವೆ, ಮೊದಲು ಕಿರುಬೆರಳು